ಹೂಳು ನೀರು, ಉಕ್ಕಿನ ಚಕ್ರ, ಕಾರ್ಬೈಡಿನ ಕವಚ



ಜಲವಿದ್ಯುತ್ ಯಂತ್ರಗಳ ಸವೆತವನ್ನು ಕುರಿತ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಒಂದು ಹಾವೇರಿ ಜಿಲ್ಲೆಯ ಪಿಯುಸಿ ವಿದ್ಯಾರ್ಥಿನಿಯದು. ‘ಟರ್ಬೈನಿಗೆ ಕಾರ್ಬೈಡ್ ಬಳಿಯುತ್ತಾರೆ ಎಂದು ಹೇಳಿದಿರಿ. ನಮ್ಮ ಊರಿನಲ್ಲಿ ಮಾವಿನಹಣ್ಣು ಮಾಗಿಸಲು ಕಾರ್ಬೈಡ್ ಇಡುತ್ತಿದ್ದರು. ಅದೇ ಇದೇನಾ ಸಾರ್?’ ಎಂದು ಆಕೆ ಕೇಳಿದ್ದಾಳೆ. ಪತ್ರ ಓದಿ ಮೊದಲು ನಕ್ಕೆ. ಆಮೇಲೆ ಯೋಚಿಸಿದರೆ ತಪ್ಪು ನಮ್ಮದೇ ಅನ್ನಿಸಿತು. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ‘ಕಾರ್ಬೈಡ್’ ಎಂಬ ಪದವನ್ನು ಇಪ್ಪತ್ತು ಸಲವಾದರೂ ಬಳಸಿದೆವು. ಅದೇನೆಂದು ಒಮ್ಮೆಯೂ ಬಿಡಿಸಿ ಹೇಳಲಿಲ್ಲ. ಆ ಸಾಲವನ್ನು ಈ ಪುಟಗಳಲ್ಲಿ ತೀರಿಸುತ್ತೇನೆ.

ಇಂಗಾಲವು ಒಂದು ಲೋಹದೊಡನೆ ಕೂಡಿ ಆದ ಸಂಯುಕ್ತಕ್ಕೆ ಸಾಮಾನ್ಯವಾಗಿ ಕಾರ್ಬೈಡ್ ಎನ್ನುತ್ತಾರೆ. ಹಣ್ಣು ಮಾಗಿಸಲು ಬಳಸುತ್ತಿದ್ದದ್ದು ಕ್ಯಾಲ್ಸಿಯಂ ಕಾರ್ಬೈಡ್. ಹಣ್ಣಿಗೆ ಅದನ್ನು ಬಳಸುವುದನ್ನು ನಮ್ಮ ದೇಶದಲ್ಲಿ ಕಾನೂನು ನಿಷೇಧಿಸಿದೆ. ನೀರು ತಗುಲಿದ ಕೂಡಲೇ ಅದು ಅಸಿಟಿಲಿನ್ ಅನಿಲವನ್ನು ಬಿಟ್ಟು ಸುಣ್ಣವಾಗುತ್ತದೆ. ಅದನ್ನು ಟರ್ಬೈನಿಗೆ ಬಳಿದರೆ ಏನಾದೀತೆಂದು ನೀವೇ ಊಹಿಸಿ! ನಾವು ಮಾತನಾಡಿದ್ದು ಟಂಗ್‌ಸ್ಟನ್ ಕಾರ್ಬೈಡಿನ ಬಗ್ಗೆ. ಇದು ನೀರಿಗೆ ಕರಗುವುದಿಲ್ಲ, ಬಗ್ಗುವುದಿಲ್ಲ, ಸುಲಭವಾಗಿ ಗೀರಿಗೂ ಸಿಗುವುದಿಲ್ಲ. ಗಡಸುತನದಲ್ಲಿ ವಜ್ರವೇ ಮೊದಲಿನದು. ಆದರೆ ಕಾರ್ಖಾನೆಗಳಲ್ಲಿ ನಿತ್ಯ ಬಳಕೆಗೆ ಒದಗುವ ಗಡಸು ವಸ್ತುಗಳಲ್ಲಿ ಟಂಗ್‌ಸ್ಟನ್ ಕಾರ್ಬೈಡಿಗೆ ಮುಂಚೂಣಿಯ ಸ್ಥಾನ. ಗೋಡೆ ಕೊರೆಯುವ ಡ್ರಿಲ್ಲಿನ ತುದಿಯಲ್ಲಿ ಬೂದುಬಣ್ಣದ ಚಿಕ್ಕ ತುಂಡೊಂದನ್ನು ಬೆಸೆದಿರುವುದನ್ನು ನೋಡಿರಬಹುದು. ಅದು ಇದೇ.

ನದಿಯ ಉಜ್ಜುಗಾಗದ

ಇಂಥ ವಸ್ತುವನ್ನು ಟರ್ಬೈನಿಗೆ ಹೊದಿಸುವ ಅಗತ್ಯವೇನು? ಇದನ್ನು ತಿಳಿಯಲು ಹಿಮಾಚಲ ಪ್ರದೇಶದ ಸಟ್ಲೆಜ್ ನದಿಯ ದಂಡೆಗೆ ಹೋಗೋಣ. ಅಲ್ಲಿರುವ ನಾಥ್ಪಾ ಝಾಕ್ರಿ ವಿದ್ಯುದಾಗಾರದ ಸಾಮರ್ಥ್ಯ 1,500 ಮೆಗಾವಾಟ್; 250 ಮೆಗಾವಾಟಿನ ಆರು ಘಟಕಗಳು. 2003ರಿಂದ 2004ರ ನಡುವೆ ಇವು ಒಂದೊಂದಾಗಿ ಕೆಲಸ ಆರಂಭಿಸಿದವು. ಕಿನ್ನೌರ್ ಜಿಲ್ಲೆಯ ನಾಥ್ಪಾದಲ್ಲಿ ನದಿಗೆ ಕಟ್ಟೆ ಕಟ್ಟಿ, ನೀರನ್ನು 27 ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ಹಾಯಿಸಿ, ಶಿಮ್ಲಾ ಜಿಲ್ಲೆಯ ಝಾಕ್ರಿಯಲ್ಲಿ ಸುಮಾರು 428 ಮೀಟರಿನಷ್ಟು ಕೆಳಗಿರುವ ಟರ್ಬೈನುಗಳಿಗೆ ಇಳಿಸುತ್ತಾರೆ.

ನಮ್ಮ ಶರಾವತಿಯಲ್ಲೂ ನೀರು ಎತ್ತರದಿಂದಲೇ ಇಳಿಯುತ್ತದೆ. ಆದರೆ ಅಲ್ಲಿ ಲಿಂಗನಮಕ್ಕಿಯಂಥ ವಿಶಾಲ ಜಲಾಶಯವಿದೆ. ನೀರು ತಿಂಗಳುಗಟ್ಟಲೆ ನಿಂತು ತಿಳಿಯಾಗುತ್ತದೆ, ಮರಳು ತಳ ಸೇರುತ್ತದೆ. ಸಟ್ಲೆಜಿನ ಈ ಯೋಜನೆ ಹಾಗಲ್ಲ. ಹರಿಯುವ ನದಿಯನ್ನು ಹರಿಯುವಾಗಲೇ ಬಳಸಿಕೊಳ್ಳುವಂಥದು. ನದಿ ಬರುವುದು ಟಿಬೆಟ್ಟಿನ ಕಡೆಯಿಂದ, ಇನ್ನೂ ಸವೆಯುತ್ತಿರುವ ಎಳೆಯ ಪರ್ವತಗಳ ನಡುವಿನಿಂದ. ಬೇಸಿಗೆಯಲ್ಲಿ ಹಿಮ ಕರಗಿದಾಗ, ಮಳೆಗಾಲದಲ್ಲಿ ಗುಡ್ಡ ಜರಿದಾಗ ನೀರು ಬೂದಿ ಕಲಸಿದಂತೆ ಬರುತ್ತದೆ. ಆ ಹೂಳಿನಲ್ಲಿ ಬೆಣಚುಕಲ್ಲಿನ ಕಣಗಳೇ ಹೆಚ್ಚು. ಗಾಜನ್ನೂ ಉಕ್ಕನ್ನೂ ಗೀರಬಲ್ಲ ಕಲ್ಲು ಅದು.

ಹೂಳನ್ನು ಸೋಸುವ ವ್ಯವಸ್ಥೆ ಇಲ್ಲವೆಂದಲ್ಲ. ನೆಲದೊಳಗೆ 525 ಮೀಟರ್ ಉದ್ದದ ನಾಲ್ಕು ಬೃಹತ್ ಕೋಣೆಗಳನ್ನು ಕೊರೆದಿದ್ದಾರೆ. ನೀರು ಅಲ್ಲಿ ನಿಧಾನವಾಗಿ ಸಾಗುವಾಗ 0.2 ಮಿಲಿಮೀಟರಿಗಿಂತ ದಪ್ಪ ಕಣಗಳು ತಳಕ್ಕೆ ಕೂರಬೇಕು. ಅದಕ್ಕಿಂತ ಸಣ್ಣವು ಮುಂದಕ್ಕೆ ಹೋಗುತ್ತವೆ. ಸಣ್ಣ ಕಣವೆಂದು ಕಡೆಗಣಿಸುವಂತಿಲ್ಲ. ನುಣ್ಣನೆಯ ಉಜ್ಜುಗಾಗದವೂ ಸವೆಸುತ್ತದೆಯಲ್ಲವೇ?

ಈಗ ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. 428 ಮೀಟರ್ ಎತ್ತರದ ಶಕ್ತಿಯೆಲ್ಲ ವೇಗವಾಗಿ ಬದಲಾದರೆ ನೀರಿನ ವೇಗ ಎಷ್ಟು? ಎರಡು, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ, ಈ ಮೂರರ ಗುಣಲಬ್ಧದ ವರ್ಗಮೂಲ. ಸೆಕೆಂಡಿಗೆ ಸುಮಾರು 92 ಮೀಟರ್, ಅಂದರೆ ಗಂಟೆಗೆ 330 ಕಿಲೋಮೀಟರ್. ಈ ಬಗೆಯ ಫ್ರಾನ್ಸಿಸ್ ಟರ್ಬೈನಿನಲ್ಲಿ ಅಷ್ಟೂ ಶಕ್ತಿ ಒಮ್ಮೆಲೇ ವೇಗವಾಗುವುದಿಲ್ಲ, ನಿಜ. ಆದರೂ ನೀರನ್ನು ಚಕ್ರದತ್ತ ತಿರುಗಿಸುವ ಗೈಡ್ ವೇನ್‌ಗಳ ಅಂಚಿನಲ್ಲಿ ಅದರ ಬಹುಪಾಲು ವೇಗ ಬಂದೇ ಬರುತ್ತದೆ. 250 ಮೆಗಾವಾಟಿನ ಒಂದು ಘಟಕಕ್ಕೆ ಸೆಕೆಂಡಿಗೆ ಸುಮಾರು 64 ಘನ ಮೀಟರ್, ಅಂದರೆ 64 ಟನ್ ನೀರು ಬೇಕು. ಆ ನೀರಿನ ಪ್ರತಿ ಟನ್ನಿನಲ್ಲಿ 5 ಕಿಲೋ ಹೂಳಿದೆ ಎಂದುಕೊಳ್ಳಿ. ಸೆಕೆಂಡಿಗೆ 320 ಕಿಲೋ ಆಯಿತು. ಗಂಟೆಗೆ 1,150 ಟನ್‌ಗಿಂತ ಹೆಚ್ಚು! ನೂರಕ್ಕೂ ಹೆಚ್ಚು ಲಾರಿ ತುಂಬುವಷ್ಟು ಮರಳು ಒಂದೇ ಗಂಟೆಯಲ್ಲಿ ಒಂದು ಚಕ್ರದ ಮೂಲಕ ಹಾದುಹೋಗುತ್ತದೆ. ಸವೆತವು ಸ್ಥೂಲವಾಗಿ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ವೇಗ ಇಮ್ಮಡಿಯಾದರೆ ಸವೆತ ಎಂಟು ಪಟ್ಟು.

ಚಕ್ರ ಮಾಡಿರುವುದು ಸಾಮಾನ್ಯ ಕಬ್ಬಿಣದಲ್ಲಲ್ಲ. 13 ಭಾಗ ಕ್ರೋಮಿಯಂ, 4 ಭಾಗ ನಿಕಲ್ ಸೇರಿದ ಉತ್ತಮ ತುಕ್ಕುರಹಿತ ಉಕ್ಕು ಅದು. ಆದರೂ ಹಿಮಾಲಯದ ನದಿಗಳಲ್ಲಿ ಇಂಥ ಉಕ್ಕಿನ ಅಂಚುಗಳು ಒಂದೆರಡು ಮಳೆಗಾಲದಲ್ಲೇ ಇಲಿ ಕಡಿದಂತೆ ಆಗುವುದುಂಟು. ಸವೆದ ಯಂತ್ರ ಅಷ್ಟೇ ನೀರಿಗೆ ಕಡಿಮೆ ವಿದ್ಯುತ್ ಕೊಡುತ್ತದೆ. ದುರಸ್ತಿಗೆ ನಿಲ್ಲಿಸಿದರೆ ಅದೂ ನಷ್ಟ. 1,500 ಮೆಗಾವಾಟಿನ ಆಗಾರ ಒಂದು ಗಂಟೆ ನಿಂತರೆ 15 ಲಕ್ಷ ಯೂನಿಟ್ ವಿದ್ಯುತ್ ತಪ್ಪುತ್ತದೆ. ನಿಮ್ಮ ಮನೆಯ ಬಿಲ್ಲನ್ನು ತೆಗೆದು ಹೋಲಿಸಿ ನೋಡಿ.

ಶೇಂಗಾ ಮತ್ತು ಬೆಲ್ಲ

ಹಾಗಾದರೆ ಇಡೀ ಚಕ್ರವನ್ನೇ ಟಂಗ್‌ಸ್ಟನ್ ಕಾರ್ಬೈಡಿನಲ್ಲಿ ಮಾಡಬಾರದೇಕೆ? ಬೆಲೆ, ತೂಕ ಎರಡೂ ಅಡ್ಡಿ. ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ. ಗಡಸು ವಸ್ತುಗಳು ಸಾಮಾನ್ಯವಾಗಿ ಪೆಡಸು. ಗೀರಿದರೆ ಗೀರು ಬೀಳದು. ಹೊಡೆದರೆ ಮಾತ್ರ ಪಿಂಗಾಣಿಯ ಹಾಗೆ ಸೀಳುತ್ತದೆ.

ಈ ತೊಡಕಿಗೆ ದಾರಿ ಸಿಕ್ಕಿದ್ದು ವಿದ್ಯುತ್ ದೀಪದ ಕಾರ್ಖಾನೆಯಲ್ಲಿ ಎಂಬುದು ಸ್ವಾರಸ್ಯ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿಯನ್ನು ಕೂದಲೆಳೆಯಷ್ಟು ತೆಳ್ಳಗೆ ಎಳೆಯಲು ವಜ್ರದ ಅಚ್ಚು ಬೇಕಾಗುತ್ತಿತ್ತು. ಅದು ದುಬಾರಿ. ಬರ್ಲಿನ್ನಿನ ಓಸ್ರಾಂ ಸಂಸ್ಥೆಯಲ್ಲಿ ಕಾರ್ಲ್ ಶ್ರೋಟರ್ ಎಂಬವರು ಟಂಗ್‌ಸ್ಟನ್ ಕಾರ್ಬೈಡಿನ ಪುಡಿಗೆ ಕೋಬಾಲ್ಟನ್ನು ಬೆರೆಸಿ ಕಾಯಿಸಿ ಗಟ್ಟಿಯಾದ, ಆದರೆ ಸುಲಭವಾಗಿ ಸೀಳದ ವಸ್ತುವನ್ನು ಪಡೆದರು. 1923ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಕೆಲವೇ ವರ್ಷಗಳಲ್ಲಿ ಕ್ರುಪ್ ಕಂಪನಿ ಇದನ್ನು ‘ವೀಡಿಯಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ‘ವಜ್ರದಂತೆ’ ಎಂಬ ಅರ್ಥದ ಜರ್ಮನ್ ಮಾತಿನಿಂದ ಆ ಹೆಸರು ಬಂದಿದೆ.

ಇದರ ರಚನೆಯನ್ನು ಅರಿಯಲು ಸೂಕ್ಷ್ಮದರ್ಶಕ ಬೇಡ, ಅಂಗಡಿಯ ಶೇಂಗಾ ಚಿಕ್ಕಿ ಸಾಕು. ಶೇಂಗಾಬೀಜ ಕಾರ್ಬೈಡ್, ಅವನ್ನು ಹಿಡಿದಿಟ್ಟ ಬೆಲ್ಲದ ಪಾಕ ಕೋಬಾಲ್ಟ್. ಮರಳಿನ ಉಜ್ಜನ್ನು ತಡೆಯುವುದು ಬೀಜದ ಕೆಲಸ. ಪೆಟ್ಟನ್ನು ನುಂಗಿಕೊಂಡು ಬೀಜ ಕಳಚದಂತೆ ಹಿಡಿಯುವುದು ಪಾಕದ ಕೆಲಸ. ಟರ್ಬೈನಿನ ಲೇಪನದಲ್ಲಿ ತೂಕದ ಲೆಕ್ಕದಂತೆ ನೂರಕ್ಕೆ 86 ಭಾಗ ಟಂಗ್‌ಸ್ಟನ್ ಕಾರ್ಬೈಡ್, 10 ಭಾಗ ಕೋಬಾಲ್ಟ್, 4 ಭಾಗ ಕ್ರೋಮಿಯಂ ಇರುವ ಪುಡಿಗೆ ಹೆಚ್ಚಿನ ಬಳಕೆ. ಕ್ರೋಮಿಯಂ ಸೇರಿಸುವುದು ನೀರಿನಲ್ಲಿ ಪಾಕ ತುಕ್ಕು ಹಿಡಿಯದಿರಲೆಂದು. ಪಾಕ ಕೊರೆದುಹೋದರೆ ಬೀಜ ಎಷ್ಟು ಗಟ್ಟಿಯಿದ್ದರೇನು, ಉದುರಿಹೋಗುತ್ತದೆ.

ಗಡಸುತನವನ್ನು ಅಳೆಯುವ ವಿಕರ್ಸ್ ಎಂಬ ಪದ್ಧತಿಯಿದೆ. ವಜ್ರದ ಚೂಪನ್ನು ಗೊತ್ತಾದ ಭಾರದಿಂದ ಒತ್ತಿ, ಬಿದ್ದ ಗುಳಿಯನ್ನು ಅಳೆಯುತ್ತಾರೆ. ಈ ಅಳತೆಯಲ್ಲಿ ಟರ್ಬೈನಿನ ಉಕ್ಕು ಸುಮಾರು 300. ಬೆಣಚುಕಲ್ಲು ಸುಮಾರು 1,100. ಹೀಗಾಗಿ ಉಕ್ಕು ಸೋಲುವುದರಲ್ಲಿ ಅಚ್ಚರಿಯಿಲ್ಲ. ಒಳ್ಳೆಯ ಕಾರ್ಬೈಡ್ ಲೇಪನ 1,100ರಿಂದ 1,300. ಅಂದರೆ ಲೇಪನ ಒಟ್ಟಾರೆಯಾಗಿ ಬೆಣಚುಕಲ್ಲಿಗೆ ಸರಿಸಮ, ಅಷ್ಟೆ. ಆದರೆ ಅದರೊಳಗಿನ ಕಾರ್ಬೈಡ್ ಕಣವೊಂದರ ಗಡಸುತನ 2,000ಕ್ಕೂ ಮೇಲೆ. ಮರಳಿನ ಮೊನೆಗೆ ಎದುರಾಗುವುದು ಈ ಕಣ. ಆದ್ದರಿಂದ ಕಣಗಳು ಸಣ್ಣದಾಗಿದ್ದು, ಒತ್ತೊತ್ತಾಗಿ ಕೂತು, ಅವುಗಳ ನಡುವಿನ ಪಾಕದ ಅಂತರ ಮರಳಿನ ಮೊನೆ ಹೊಗಲಾರದಷ್ಟು ಕಿರಿದಾಗಿದ್ದರೆ ಸವೆತ ಕಡಿಮೆ.

ಬೆಂಕಿ ಕಡಿಮೆ, ವೇಗ ಹೆಚ್ಚು

ಈಗ ಬರುತ್ತದೆ ನಿಜವಾದ ಕಷ್ಟ. ಚಿಕ್ಕಿಯ ಪದರವನ್ನು ಉಕ್ಕಿನ ಮೇಲೆ ಕೂರಿಸುವುದು ಹೇಗೆ? ಲೋಹವನ್ನು ಕರಗಿಸಿ ಸಿಂಪಡಿಸುವ ಕಲೆಗೆ ನೂರು ವರ್ಷ ಮೀರಿದೆ. ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಉಲ್ರಿಚ್ ಶೂಪ್ ಇದರ ಮೂಲಪುರುಷ. ಆಟಿಕೆ ಬಂದೂಕಿನ ಸೀಸದ ಗುಂಡುಗಳು ಗೋಡೆಗೆ ಬಡಿದು ಚಪ್ಪಟೆಯಾಗಿ ಅಂಟಿಕೊಂಡದ್ದನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ನಮ್ಮ ಹಳ್ಳಿಯ ಹೆಂಗಸರು ಗೋಡೆಗೆ ಬೆರಣಿ ತಟ್ಟುವುದನ್ನು ಕಂಡಿದ್ದರೂ ಹೊಳೆಯುತ್ತಿತ್ತೇನೋ! ತತ್ತ್ವ ಅದೇ. ಮೆತ್ತಗಾದ ಹನಿ ಬೀಸಿ ಬಂದು ಬಡಿದು, ಹರಡಿ, ಗೋಡೆಯ ಉಬ್ಬುತಗ್ಗುಗಳಲ್ಲಿ ಕಚ್ಚಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಆದ್ದರಿಂದಲೇ ಲೇಪಿಸುವ ಮುನ್ನ ಉಕ್ಕಿನ ಮೇಲೆ ಅಲ್ಯುಮಿನಾ ಹರಳುಗಳನ್ನು ರಭಸದಿಂದ ಹಾಯಿಸಿ ಅದನ್ನು ತರಿತರಿ ಮಾಡುತ್ತಾರೆ. ನುಣುಪಾದ ಉಕ್ಕಿಗೆ ಲೇಪನ ಹಿಡಿಯುವುದಿಲ್ಲ.

ಸೀಸ, ಸತುವು ಬೇಗ ಕರಗುತ್ತವೆ. ಟಂಗ್‌ಸ್ಟನ್ ಕಾರ್ಬೈಡ್ ಹಾಗಲ್ಲ, ಅದಕ್ಕೆ 2,700 ಡಿಗ್ರಿ ಸೆಲ್ಸಿಯಸ್ ದಾಟಬೇಕು. ‘ಅದಕ್ಕೇನು, ಇನ್ನೂ ಬಿಸಿಯಾದ ಜ್ವಾಲೆ ತನ್ನಿ’ ಎಂದು ಯಾರಿಗಾದರೂ ಅನ್ನಿಸುತ್ತದೆ. ವಿದ್ಯುತ್ತಿನಿಂದ ಅನಿಲವನ್ನು ಕಾಯಿಸಿ ಪಡೆದ ಪ್ಲಾಸ್ಮಾ ಜ್ವಾಲೆಯ ಉಷ್ಣತೆ 10,000 ಡಿಗ್ರಿಯನ್ನೂ ಮೀರುತ್ತದೆ. ಅದರಲ್ಲಿ ಕಾರ್ಬೈಡ್ ಹಾಕಿ ನೋಡಿದರು. ಲೇಪನವೇನೋ ಆಯಿತು; ಆದರೆ ನಿರೀಕ್ಷಿಸಿದಷ್ಟು ಬಾಳಲಿಲ್ಲ.

ಕಾರಣ ರಸಾಯನಶಾಸ್ತ್ರದಲ್ಲಿದೆ. ವಿಪರೀತ ಬಿಸಿಯಲ್ಲಿ ಕಾರ್ಬೈಡ್ ಕಣ ಕರಗಿದ ಕೋಬಾಲ್ಟಿನೊಳಗೆ ಬೆರೆಯತೊಡಗುತ್ತದೆ. ಅದರಲ್ಲಿನ ಇಂಗಾಲ ಆಮ್ಲಜನಕದೊಡನೆ ಕೂಡಿ ಅನಿಲವಾಗಿ ಹಾರಿಹೋಗುತ್ತದೆ. ಒಂದು ಟಂಗ್‌ಸ್ಟನ್ನಿಗೆ ಒಂದು ಇಂಗಾಲ ಇದ್ದಲ್ಲಿ, ಎರಡು ಟಂಗ್‌ಸ್ಟನ್ನಿಗೆ ಒಂದು ಇಂಗಾಲದ ಬೇರೆ ಕಾರ್ಬೈಡ್ ಆಗುತ್ತದೆ. ಅಲ್ಲಲ್ಲಿ ಬರೀ ಟಂಗ್‌ಸ್ಟನ್ ಉಳಿಯುತ್ತದೆ. ಈ ಹೊಸ ಕಾರ್ಬೈಡ್ ಗಡಸೇ, ಆದರೆ ಬಹಳ ಪೆಡಸು. ಪಾಕವೂ ಬಿರುಸಾಗುತ್ತದೆ. ಹದ ಮೀರಿ ಕಾಯಿಸಿದ ಚಿಕ್ಕಿಯಲ್ಲಿ ಬೀಜ ಕರಟಿ ಬೆಲ್ಲ ಕಹಿಯಾದಂತೆ. ಗಡಸುತನ ಅಳೆದರೆ ಕಡಿಮೆಯೇನೂ ಕಾಣುವುದಿಲ್ಲ. ಮರಳು ಬಡಿದಾಗ ಮಾತ್ರ ಚಕ್ಕೆ ಏಳುತ್ತದೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು. ಬಿಸಿ ಹೆಚ್ಚಿದಷ್ಟೂ ಒಳ್ಳೆಯದೆಂಬ ಊಹೆ ಇಲ್ಲಿ ತಲೆಕೆಳಗಾಗುತ್ತದೆ.

ಕರಗಬೇಕಾದದ್ದು ಕಾರ್ಬೈಡ್ ಅಲ್ಲ, ಕೋಬಾಲ್ಟ್. ಅದು 1,495 ಡಿಗ್ರಿಯಲ್ಲೇ ಕರಗುತ್ತದೆ. ಉಳಿದ ಕೆಲಸವನ್ನು ವೇಗಕ್ಕೆ ಬಿಡಬೇಕು. 1950ರ ದಶಕದಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯವರು ನಳಿಗೆಯೊಳಗೆ ಅನಿಲವನ್ನು ಸಿಡಿಸಿ ಆ ಸ್ಫೋಟದಿಂದಲೇ ಪುಡಿಯನ್ನು ಹೊಡೆಯುವ ಯಂತ್ರವನ್ನು ತಂದರು. 1980ರ ದಶಕದ ಆರಂಭದಲ್ಲಿ ಜೇಮ್ಸ್ ಬ್ರೌನಿಂಗ್ ಎಂಬವರ ಉಪಕರಣ ಬಂದಿತು. ಅದೊಂದು ಪುಟ್ಟ ರಾಕೆಟ್ ಎಂಜಿನ್ ಎನ್ನಬಹುದು. ಆಮ್ಲಜನಕ ಮತ್ತು ಇಂಧನವನ್ನು ಇಕ್ಕಟ್ಟಾದ ಕೋಣೆಯಲ್ಲಿ ಒತ್ತಡದಲ್ಲಿ ಉರಿಸಿ, ಆ ಅನಿಲವನ್ನು ಕಿರಿದಾದ ನಳಿಗೆಯಿಂದ ಹೊರಬಿಡುತ್ತಾರೆ. ಇಂಗ್ಲಿಷಿನ ನಾಲ್ಕಕ್ಷರಗಳಲ್ಲಿ ಇದನ್ನು ‘ಎಚ್‌ವಿಓಎಫ್’ ಎಂದು ಕರೆಯುವುದು ರೂಢಿ. ಜ್ವಾಲೆಯ ಉಷ್ಣತೆ ಸುಮಾರು 3,000 ಡಿಗ್ರಿ. ಪುಡಿಯ ಕಣಗಳ ವೇಗವೋ ಸೆಕೆಂಡಿಗೆ 600 ಮೀಟರಿನ ಆಸುಪಾಸು. ಶಬ್ದದ ವೇಗ 340 ಮೀಟರ್ ಎಂಬುದನ್ನು ನೆನೆಯಿರಿ. ನಳಿಗೆಯ ಬಾಯಿಂದ ಉಕ್ಕಿಗೆ 30 ಸೆಂಟಿಮೀಟರ್ ದೂರವೆಂದರೆ ಕಣ ಹಾದಿಯಲ್ಲಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ. ಕೋಬಾಲ್ಟ್ ಮೆತ್ತಗಾಗಲು ಅಷ್ಟು ಸಾಕು, ಕಾರ್ಬೈಡ್ ಕೆಡಲು ಸಾಲದು.

ಚಿತ್ರೀಕರಣಕ್ಕಾಗಿ ನಾವು ಬೆಂಗಳೂರಿನ ಪೀಣ್ಯದ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆವು. ಯಂತ್ರ ಇರುವುದು ಶಬ್ದ ತಡೆಯುವ ದಪ್ಪ ಗೋಡೆಯ ಕೋಣೆಯಲ್ಲಿ. ರೋಬೋಟಿನ ತೋಳು ಅದನ್ನು ಆಡಿಸುತ್ತದೆ; ಮನುಷ್ಯರು ಹೊರಗೆ ಗಾಜಿನಾಚೆ. ನಮ್ಮ ಧ್ವನಿಗ್ರಾಹಕರು ‘ಒಳಗಿನ ನಿಜವಾದ ಶಬ್ದ ಬೇಕು’ ಎಂದು ಮೈಕನ್ನು ಒಳಗಿಟ್ಟು ಬಂದರು. ಯಂತ್ರ ಚಾಲೂ ಆಯಿತು, ಅವರು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿದರು. ಒಳಗೆ 130 ಡೆಸಿಬೆಲ್ಲಿನಷ್ಟು ಶಬ್ದ! ನೀವು ಕಾರ್ಯಕ್ರಮದಲ್ಲಿ ಕೇಳಿದ್ದು ಹೊರಗಿನಿಂದ ಹಿಡಿದದ್ದು. ಛಾಯಾಗ್ರಾಹಕರಿಗೆ ಮಾತ್ರ ಹಬ್ಬ. ಜ್ವಾಲೆಯೊಳಗೆ ಸಾಲಾಗಿ, ಮಣಿ ಪೋಣಿಸಿದಂತೆ ಹೊಳೆಯುವ ಬಿಂದುಗಳಿದ್ದವಲ್ಲ, ಅವನ್ನು ‘ಆಘಾತ ವಜ್ರಗಳು’ ಎನ್ನುತ್ತಾರೆ. ಅನಿಲ ಶಬ್ದಾತೀತ ವೇಗದಲ್ಲಿ ಹೊರಬರುವಾಗ ಉಂಟಾಗುವ ಒತ್ತಡದ ಅಲೆಗಳ ಗುರುತು ಅದು. ಹಲವರು ಅದನ್ನು ನಾವು ಸ್ಟುಡಿಯೋದಲ್ಲಿ ಸೇರಿಸಿದ ಚಮತ್ಕಾರವೆಂದು ತಿಳಿದು ಬರೆದಿದ್ದಾರೆ. ಅಲ್ಲ, ಅದು ನಿಜವಾದದ್ದು.

ಲೇಪನದ ದಪ್ಪ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಅದರೊಳಗಿನ ರಂಧ್ರಗಳು ನೂರಕ್ಕೆ ಒಂದು ಭಾಗಕ್ಕೂ ಕಡಿಮೆ. ಹಿಡಿತ ಎಷ್ಟು ಗಟ್ಟಿಯೆಂದು ಪರೀಕ್ಷಿಸಲು ಲೇಪನಕ್ಕೆ ಬಲವಾದ ಅಂಟಿನಿಂದ ಇನ್ನೊಂದು ಉಕ್ಕಿನ ತುಂಡನ್ನು ಅಂಟಿಸಿ ಎಳೆಯುತ್ತಾರೆ. ಒಳ್ಳೆಯ ಲೇಪನವಾದರೆ ಅಂಟೇ ಮೊದಲು ಹರಿಯುತ್ತದೆ. ಹಾಗಾಗಿ ವರದಿಯಲ್ಲಿ ‘ಇಷ್ಟಕ್ಕಿಂತ ಹೆಚ್ಚು’ ಎಂದಷ್ಟೇ ಬರೆಯಲು ಸಾಧ್ಯ.

ಸವೆತವನ್ನು ಅಳೆಯುವುದು

ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಮಾಡುವ ಪರೀಕ್ಷೆ ಸರಳವಾದದ್ದು. ತಿರುಗುವ ರಬ್ಬರ್ ಚಕ್ರಕ್ಕೆ ಮಾದರಿಯನ್ನು ಒತ್ತಿ ಹಿಡಿದು, ಇವೆರಡರ ನಡುವೆ ಒಣ ಮರಳು ಸುರಿಸುತ್ತಾರೆ. ಮೊದಲು, ಆಮೇಲೆ ತೂಗಿ ಎಷ್ಟು ಕಳೆಯಿತೆಂದು ನೋಡುತ್ತಾರೆ. ಇಲ್ಲಿ ವಿದ್ಯಾರ್ಥಿಗಳು ಎಡವುವ ಜಾಗವೊಂದಿದೆ. ಕಾರ್ಬೈಡ್ ಲೇಪನ ಅದೇ ಗಾತ್ರದ ಉಕ್ಕಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಭಾರ. ಎರಡೂ ಒಂದೊಂದು ಗ್ರಾಂ ಕಳೆದುಕೊಂಡವೆಂದರೆ ಸವೆತ ಸಮ ಎಂದಲ್ಲ. ಉಕ್ಕು ಹೆಚ್ಚು ಆಳಕ್ಕೆ ಸವೆದಿದೆ. ಆದ್ದರಿಂದ ತೂಕವನ್ನು ಸಾಂದ್ರತೆಯಿಂದ ಭಾಗಿಸಿ ಗಾತ್ರಕ್ಕೆ ತಂದುಕೊಂಡೇ ಹೋಲಿಸಬೇಕು.

ಮರಳು ಯಾವ ಕೋನದಲ್ಲಿ ಬಡಿಯುತ್ತದೆ ಎಂಬುದೂ ಮುಖ್ಯ. ಉಕ್ಕಿನಂಥ ಮೆದು ವಸ್ತು ಓರೆಯಾಗಿ, 20–30 ಡಿಗ್ರಿ ಕೋನದಲ್ಲಿ ಬಡಿದಾಗ ಹೆಚ್ಚು ಸವೆಯುತ್ತದೆ. ಕಣ ಉಳಿಯಂತೆ ಹೆರೆಯುತ್ತದೆ. ಪೆಡಸಾದ ವಸ್ತು ನೇರವಾಗಿ, 90 ಡಿಗ್ರಿಯಲ್ಲಿ ಬಡಿದಾಗ ಹೆಚ್ಚು ನವೆಯುತ್ತದೆ. ಟರ್ಬೈನಿನಲ್ಲಿ ನೀರು ಹೆಚ್ಚಾಗಿ ಮೈಗೆ ಸವರಿಕೊಂಡೇ ಹೋಗುವುದರಿಂದ ಅಲ್ಲಿ ಕಾರ್ಬೈಡಿಗೆ ಮೇಲುಗೈ. ನುಣ್ಣನೆಯ ಹೂಳಿಗೆ ಅದು ಉಕ್ಕಿಗಿಂತ ಹಲವು ಪಟ್ಟು ತಾಳುತ್ತದೆ. ನಾಥ್ಪಾ ಝಾಕ್ರಿಯಲ್ಲಿ ಚಕ್ರ, ಗೈಡ್ ವೇನ್ ಮುಂತಾದ ನೀರಿಗೆ ಸಿಗುವ ಭಾಗಗಳಿಗೆ ಇದನ್ನು ಹಚ್ಚುವುದು ಇದರಿಂದಲೇ.

ಆದರೆ ಇದನ್ನು ಸರ್ವರೋಗಕ್ಕೆ ಮದ್ದು ಎಂದು ತಿಳಿಯಬಾರದು. ನಮ್ಮ ಕಾರ್ಯಕ್ರಮದಲ್ಲಿ ಹಾಗೆ ಧ್ವನಿಸಿದ್ದರೆ ಅದೂ ನನ್ನ ಸಂಕಲನದ ದೋಷ. ಅತಿಥಿ ಎಂಜಿನಿಯರರು ಹೇಳಿದ ಎಚ್ಚರಿಕೆಯ ಮಾತುಗಳು ಸಮಯ ಸಾಲದೆ ಕತ್ತರಿಗೆ ಸಿಕ್ಕವು. ದಪ್ಪ ಹರಳು, ಕಲ್ಲಿನ ಚೂರು ಬಂದು ಹೊಡೆದರೆ ಪದರಗಳ ನಡುವೆ ಬಿರುಕು ಹರಿದು ಚಕ್ಕೆ ಕಳಚುತ್ತದೆ. ಒಮ್ಮೆ ಒಂದು ಕಡೆ ಉಕ್ಕು ಬಯಲಾದರೆ ನೀರು ಅಲ್ಲಿಂದಲೇ ಲೇಪನದ ಅಡಿಗೆ ಕೊರೆಯುತ್ತದೆ. ಒತ್ತಡ ಇಳಿದಲ್ಲಿ ನೀರಿನಲ್ಲಿ ಆವಿಯ ಗುಳ್ಳೆಗಳೆದ್ದು ಮೈಮೇಲೆ ಒಡೆಯುತ್ತವಲ್ಲ, ಆ ಪೆಟ್ಟನ್ನು ತಾಳುವುದರಲ್ಲೂ ಇದು ಅಷ್ಟು ಗಟ್ಟಿಗನಲ್ಲ. ಇನ್ನೊಂದು ತೊಡಕು: ಸಿಂಪರಣೆ ಸರಳರೇಖೆಯಲ್ಲೇ ಹೋಗಬೇಕು, ಆದಷ್ಟೂ ನೇರವಾಗಿ ಬಡಿಯಬೇಕು. ಚಕ್ರದ ಎರಡು ಅಲಗುಗಳ ನಡುವಿನ ಇಕ್ಕಟ್ಟಿನ ಸಂದಿಗೆ ನಳಿಗೆ ತೂರುವುದಿಲ್ಲ. ಅಲ್ಲಿ ಲೇಪನ ತೆಳುವಾಗುತ್ತದೆ, ಇಲ್ಲವೇ ಆಗುವುದೇ ಇಲ್ಲ.

ಬಿಸಿ ಜಾಗಗಳಿಗೂ ಟಂಗ್‌ಸ್ಟನ್ ಕಾರ್ಬೈಡ್ ಸಲ್ಲದು. ಸುಮಾರು 500 ಡಿಗ್ರಿ ದಾಟಿದರೆ ಗಾಳಿಯಲ್ಲಿ ಅದು ಉತ್ಕರ್ಷಣಗೊಳ್ಳುತ್ತದೆ. ಬಾಯ್ಲರ್ ಕೊಳವೆಯಂಥ ಕಡೆಗಳಲ್ಲಿ ಕ್ರೋಮಿಯಂ ಕಾರ್ಬೈಡನ್ನು ನಿಕಲ್-ಕ್ರೋಮಿಯಂ ಪಾಕದೊಡನೆ ಬಳಸುತ್ತಾರೆ. ಅದು ಗಡಸುತನದಲ್ಲಿ ಸ್ವಲ್ಪ ಕಡಿಮೆ; ಆದರೆ 800 ಡಿಗ್ರಿಯ ಮೇಲೂ ನಿಲ್ಲುತ್ತದೆ. ವಿಮಾನದ ಚಕ್ರಗಳನ್ನು ಹೊರುವ ಕಾಲುಗಳಿಗೆ ಹಿಂದೆ ಕ್ರೋಮಿಯಂ ಮುಲಾಮು ಹಾಕುತ್ತಿದ್ದರು. ಆ ತೊಟ್ಟಿಗಳಲ್ಲಿನ ಕ್ರೋಮಿಯಂ ಸಂಯುಕ್ತ ಕ್ಯಾನ್ಸರ್‌ಕಾರಕ. ಈಗ ಅನೇಕ ವಿಮಾನಗಳಲ್ಲಿ ಆ ಜಾಗವನ್ನು ಕಾರ್ಬೈಡ್ ಸಿಂಪರಣೆ ಪಡೆದಿದೆ.

ಸಟ್ಲೆಜಿಗೆ ಮರಳೋಣ. ಲೇಪನವಿದ್ದರೂ ಅಲ್ಲಿನವರು ಮಳೆಗಾಲವಿಡೀ ನೀರಿನ ಹೂಳನ್ನು ಅಳೆಯುತ್ತಲೇ ಇರುತ್ತಾರೆ. ಪ್ರಮಾಣ ಹತ್ತು ಲಕ್ಷಕ್ಕೆ 5,000 ಭಾಗ ಮೀರಿದರೆ, ಅಂದರೆ ನಮ್ಮ ಲೆಕ್ಕದ ಟನ್ನಿಗೆ 5 ಕಿಲೋ ದಾಟಿದರೆ, ಘಟಕಗಳನ್ನು ನಿಲ್ಲಿಸಿಬಿಡುತ್ತಾರೆ. 2005ರ ಜೂನ್ ಕೊನೆಯಲ್ಲಿ ಟಿಬೆಟ್ಟಿನ ಪಾರೇಚು ಹೊಳೆಗೆ ಗುಡ್ಡ ಕುಸಿದು ಆಗಿದ್ದ ಕೆರೆ ಒಡೆದು ಪ್ರವಾಹ ಬಂದಾಗಲೂ ಯಂತ್ರಗಳು ನಿಂತವು. ಮಳೆಗಾಲ ಮುಗಿದು ನದಿ ತಿಳಿಯಾದ ಮೇಲೆ ಭಾಗಗಳನ್ನು ಬಿಚ್ಚಿ ನೋಡುತ್ತಾರೆ. ಲೇಪನ ಹೋದ ಕಡೆ ಉಕ್ಕನ್ನು ಬೆಸುಗೆಯಿಂದ ತುಂಬಿ, ಮಟ್ಟ ಮಾಡಿ, ತರಿ ಮಾಡಿ ಮತ್ತೆ ಸಿಂಪಡಿಸಬೇಕು. ಉಳಿದುಕೊಂಡಿರುವ ಹಳೆಯ ಲೇಪನವನ್ನು ಉಜ್ಜಿ ಸರಿಮಾಡಲು ಮಾಮೂಲಿ ಸಾಣೆಕಲ್ಲು ನಡೆಯುವುದಿಲ್ಲ, ವಜ್ರದ ಪುಡಿ ಕೂರಿಸಿದ ಚಕ್ರವೇ ಬೇಕು.